ಬ್ಯಾರನ್ನಿಗೆ ಬಂದ ಹೊಸ ಕಾವಲುಗಾರ

ಮೈಸೂರಿನಿಂದ ಹೆಗ್ಗಡದೇವನಕೋಟೆಯ ಕಡೆಗೆ ಹೊರಟ ಬಸ್ಸು ಪಟ್ಟಣವನ್ನು ಸೇರುವುದಕ್ಕೆ ಸ್ವಲ್ಪ ಮೊದಲು ಒಂದು ಕೂಡುರಸ್ತೆಯಲ್ಲಿ ನಿಲ್ಲುತ್ತದೆ. "ಹ್ಯಾಂಡ್‌ಪೋಸ್ಟ್! ಹ್ಯಾಂಡ್‌ಪೋಸ್ಟ್!" ಎಂದು ಕಂಡಕ್ಟರು ಕೂಗುತ್ತಾನೆ. ದಾರಿ ತೋರಿಸಲು ಕೈಚಾಚಿ ನಿಂತ ಕಂಬಕ್ಕೆ ಇಂಗ್ಲಿಷಿನವರು ಹಿಂದೆ ಇಟ್ಟಿದ್ದ ಹೆಸರು ಅದು. ಮಲೆನಾಡಿನ ಕಡೆ ಅದನ್ನೇ ಕೈಮರವೆಂದು ಕರೆದು, ಊರಿಗೆ ಊರೇ ಆ ಹೆಸರನ್ನು ಹೊತ್ತುಕೊಂಡಿರುವುದುಂಟು. ಇಲ್ಲಿ ಮಾತ್ರ ಇಂಗ್ಲಿಷಿನ ಹೆಸರೇ ನೆಲೆಯೂರಿ, ಕನ್ನಡದ ಬಾಯಲ್ಲಿ ಅರೆಬರೆ ಕನ್ನಡವೂ ಆಗಿಬಿಟ್ಟಿದೆ.

ಆಗಸ್ಟ್ ತಿಂಗಳಿನ ಒಂದು ಸಂಜೆ ನಾನು ಅಲ್ಲಿ ಇಳಿದಾಗ ಜಿನುಗು ಮಳೆ ಹಿಡಿದಿತ್ತು. ಗಾಳಿಯಲ್ಲಿ ಒಂದು ಬಗೆಯ ಪರಿಮಳ. ಒಣಹುಲ್ಲಿನದೆನ್ನಲೇ, ಹುರಿದ ಕಡಲೆಕಾಯಿಯದೆನ್ನಲೇ, ಜೇನಿನದೆನ್ನಲೇ ತಿಳಿಯದು. ನನ್ನನ್ನು ಕರೆದೊಯ್ಯಲು ಬಂದಿದ್ದ ತರುಣ ನಕ್ಕು, "ಸೊಪ್ಪು ಬೇಯ್ತಾ ಅದೆ ಸಾರ್" ಎಂದ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ತಿಂಗಳು ಯಾವ ಹಳ್ಳಿಯ ಮಗ್ಗುಲಿಗೆ ಹೋದರೂ ಈ ವಾಸನೆ ನಿಮ್ಮನ್ನು ಎದುರುಗೊಳ್ಳುತ್ತದೆ. ವರ್ಜೀನಿಯಾ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದಗೊಳಿಸುವ ಕಾಲ ಅದು.

ಹೊಗೆಸೊಪ್ಪಿನ ಒಳಿತು ಕೆಡುಕುಗಳನ್ನು ಚರ್ಚಿಸುವುದು ಈ ಲೇಖನದ ಉದ್ದೇಶವಲ್ಲ. ಅದರ ಕೆಡುಕನ್ನು ಬಲ್ಲವರು ಬೆಳೆಯುವವರಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೋಗಿದ್ದುದು ಬೇರೊಂದು ವಸ್ತುವನ್ನು ನೋಡುವುದಕ್ಕೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ನಮ್ಮ ನಿಮ್ಮೆಲ್ಲರ ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ, ನೀರು ಕಾಯಿಸುವ ಗೀಸರಿನಲ್ಲಿ, ತಂಗಳಪೆಟ್ಟಿಗೆಯಲ್ಲಿ ಕಣ್ಣಿಗೆ ಬೀಳದೆ ಕುಳಿತಿರುವಂಥದು. ಅದರ ಹೆಸರು ಥರ್ಮೋಸ್ಟಾಟ್, ಎಂದರೆ ಉಷ್ಣವನ್ನು ಹೇಳಿದ ಮಿತಿಯಲ್ಲಿ ನಿಲ್ಲಿಸುವ ಯಂತ್ರ. ನನ್ನ ಮಿತ್ರರೊಬ್ಬರ ಸೋದರಮಾವ ತಮ್ಮ ಬ್ಯಾರನ್ನಿನ ಒಲೆಗೆ ಅದನ್ನು ಕಟ್ಟಿಸಿದ್ದಾರೆಂದೂ, ಅದು ಕೆಟ್ಟಿದ್ದು ಆ ದಿನವೇ ಹೊಸದನ್ನು ಹಾಕುವರೆಂದೂ ಸುದ್ದಿ ಬಂದಿತ್ತು.

ಐದು ದಿನದ ತಪಸ್ಸು

ಬ್ಯಾರನ್ನೆಂಬುದನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಹದಿನಾರು ಅಡಿ ಚೌಕದ, ಎರಡಾಳೆತ್ತರವನ್ನೂ ಮೀರಿದ, ಕಿಟಕಿಯಿಲ್ಲದ ಕೋಣೆಯೊಂದನ್ನು ಊಹಿಸಿಕೊಳ್ಳಿ. ಗೋಡೆಯ ಬುಡದಲ್ಲಿ ಗಾಳಿ ಒಳಸೇರಲು ಕಿಂಡಿಗಳು, ಸೂರಿನಲ್ಲಿ ಆವಿ ಹೊರಹೋಗಲು ಕಿಂಡಿಗಳು. ಹೊರಗೋಡೆಗೆ ಹತ್ತಿದ ಒಲೆಯಲ್ಲಿ ಸೌದೆ ಉರಿಯುತ್ತದೆ. ಆದರೆ ಹೊಗೆ ಕೋಣೆಯೊಳಕ್ಕೆ ಬರಕೂಡದು. ನೆಲದ ಮೇಲೆ ಸುತ್ತಿ ಬರುವ ತಗಡಿನ ಕೊಳವೆಗಳಲ್ಲಿ ಹಾದು, ಕಾವನ್ನು ಮಾತ್ರ ಕೊಟ್ಟು, ಅದು ಹೊರಕ್ಕೆ ಹೋಗಬೇಕು. ಈ ಕೊಳವೆಗಳ ಮೇಲೆ ಅಂತಸ್ತು ಅಂತಸ್ತಾಗಿ ಕಡ್ಡಿಗಳು; ಕಡ್ಡಿಗಳಿಗೆ ಕಟ್ಟಿದ ಹಸಿರೆಲೆಗಳು. ಹೆಸರು ಹೊಗೆಸೊಪ್ಪಾದರೂ ಈ ಸೊಪ್ಪಿಗೆ ಹೊಗೆ ತಾಗಿದರೆ ಕೆಟ್ಟಿತೆಂಬುದು ವಿನೋದವೇ ಸರಿ.

ಒಮ್ಮೆ ಬಾಗಿಲು ಹಾಕಿದರೆ ಐದಾರು ದಿನ. ಮೊದಲ ಒಂದೂವರೆ ಎರಡು ದಿನ ಕಾವು 85ರಿಂದ 100 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಬೇಸಗೆಯ ಮಧ್ಯಾಹ್ನದ ಬಿಸಿಗಿಂತ ಹೆಚ್ಚಲ್ಲ. ಕಿಂಡಿಗಳೆಲ್ಲ ಮುಚ್ಚಿರುತ್ತವೆ, ಒಳಗೆ ತೇವ ತುಂಬಿರುತ್ತದೆ. ಎಲೆಗೆ ಇನ್ನೂ ಜೀವವಿದೆ. ಅದು ಸಾಯುವ ಮೊದಲು ತನ್ನ ಹಸಿರನ್ನು ತಾನೇ ಕಳೆದುಕೊಂಡು, ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಂಡು ನಿಂಬೆಯ ಹಳದಿಗೆ ತಿರುಗಬೇಕು. ಆತುರಪಟ್ಟು ಕಾವು ಏರಿಸಿದಿರೋ, ಹಸಿರು ಹಾಗೆಯೇ ಉಳಿದುಹೋಗುತ್ತದೆ. ಹಳದಿಗೆ ಬಂದ ಬಳಿಕ ಕಿಂಡಿಗಳನ್ನು ತೆರೆದು, ಗಂಟೆಗೆ ಎರಡು ಮೂರು ಡಿಗ್ರಿಯಂತೆ ಮೆಲ್ಲಮೆಲ್ಲನೆ 130ರ ಕಡೆಗೆ ಒಯ್ಯಬೇಕು. ಇಲ್ಲಿ ತಡಮಾಡಿದರೆ ಎಲೆ ಕಂದಾಗಿ ಸ್ಪಂಜಿನಂತೆ ಮೆತ್ತಗಾಗುತ್ತದೆ. ಒದ್ದೆಯಿರುವಾಗಲೇ ಕಾವು ಹಾರಿದರೆ ಬೆಂದು ಕಪ್ಪಾಗುತ್ತದೆ. ಕೊನೆಗೆ ಕಿಂಡಿಗಳನ್ನು ಮತ್ತೆ ಮುಚ್ಚಿ, 160 ಡಿಗ್ರಿಯವರೆಗೆ ಒಯ್ದು ನಡುದಂಟನ್ನು ಒಣಗಿಸುವುದು. ಅದಕ್ಕಿಂತ ಮೇಲೇರಿದರೆ ಚಿನ್ನದ ಬಣ್ಣ ಕೆಂಪಾಗುತ್ತದೆ. ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಕಳಚಿ ಬಿದ್ದರಂತೂ ಬಣ್ಣದ ಮಾತೇ ಉಳಿಯುವುದಿಲ್ಲ. ಬ್ಯಾರನ್ನುಗಳು ರಾತ್ರೋರಾತ್ರಿ ಸುಟ್ಟು ಬೂದಿಯಾಗುವುದು ಹೀಗೆಯೇ.

ಈ ಐದು ದಿನಗಳ ಹಿಂದೆ ಒಂದು ವರ್ಷದ ಬಾಳು ನಿಂತಿರುತ್ತದೆ. 1975ರ ತಂಬಾಕು ಮಂಡಳಿಯ ಕಾಯಿದೆಯ ಮೇರೆಗೆ ಬೆಳೆಗಾರನೂ ಬ್ಯಾರನ್ನೂ ನೋಂದಣಿಯಾಗಿರಬೇಕು. ಇಷ್ಟೇ ಕಿಲೋ ಎಂಬ ಕಟ್ಟೂ ಉಂಟು. 1984ರಿಂದ ಕರ್ನಾಟಕದಲ್ಲಿ ಮಂಡಳಿಯ ಹರಾಜುಕಟ್ಟೆಗಳಲ್ಲಿ ಮಾರಾಟ. ಅಲ್ಲಿ ಬೇಲನ್ನು ಬಿಚ್ಚಿ ನೋಡುವವನ ಕಣ್ಣು ಒಂದೆರಡು ನಿಮಿಷದಲ್ಲಿ ತೀರ್ಮಾನ ಹೇಳಿಬಿಡುತ್ತದೆ. ಹೊಳೆಯುವ ಹಳದಿಗೆ ಒಂದು ಬೆಲೆ, ಕಂದಿಗೆ ಇನ್ನೊಂದು. ನಡುವೆ ಇರುವ ಅಂತರದಲ್ಲಿ ನಾನು ಹೋಗಿದ್ದ ಮನೆಯ ಬ್ಯಾಂಕಿನ ಸಾಲವೂ, ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮೊಮ್ಮಗಳ ಎರಡನೆಯ ಕಂತಿನ ಶುಲ್ಕವೂ ಇದ್ದವು. ಇದನ್ನು ನನಗೆ ತಿಳಿಸಿದವರು ಆ ಮನೆಯ ಸೊಸೆ. ಲೆಕ್ಕದ ಪುಸ್ತಕ ಆಕೆಯ ಕೈಯಲ್ಲಿತ್ತು.

ತೂಕಡಿಸಿದ ಆಳು

ಈ ವಿದ್ಯೆ ಹುಟ್ಟಿದ ಕಥೆಯೇ ಒಂದು ನಿದ್ದೆಯ ಕಥೆ. 1839ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದ ಕ್ಯಾಸ್ವೆಲ್ ಪ್ರಾಂತದಲ್ಲಿ ಅಬೈಶಾ ಸ್ಲೇಡ್ ಎಂಬ ಜಮೀನುದಾರನ ಬಳಿ ಸ್ಟೀಫನ್ ಎಂಬ ಗುಲಾಮನಿದ್ದ. ಕಮ್ಮಾರಿಕೆಯನ್ನೂ ಬಲ್ಲವನು. ಸೊಪ್ಪಿನ ಮನೆಯ ಬೆಂಕಿ ಕಾಯುತ್ತಾ ಆತ ನಿದ್ದೆಹೋದ. ಎಚ್ಚರವಾದಾಗ ಬೆಂಕಿ ನಂದುವುದರಲ್ಲಿತ್ತು. ಏಟು ಬೀಳುವುದೆಂಬ ಭೀತಿಯಿಂದಲೋ ಏನೋ, ಕುಲುಮೆಯ ಇದ್ದಿಲನ್ನು ತಂದು ಸುರಿದ. ಹಠಾತ್ತನೆ ಏರಿದ ಹೊಗೆಯಿಲ್ಲದ ಕಾವಿನಿಂದ ಆ ಸೊಪ್ಪು ಅದುವರೆಗೆ ಯಾರೂ ಕಾಣದಂಥ ಹೊಳೆವ ಹಳದಿಗೆ ತಿರುಗಿತು. ಆ ಬಣ್ಣದಿಂದ ಸ್ಲೇಡ್ ಹೆಸರುವಾಸಿಯಾದ. ಸ್ಟೀಫನ್ನನ ಅಡ್ಡಹೆಸರು ಕೂಡ ಇತಿಹಾಸದಲ್ಲಿ ನೆಟ್ಟಗೆ ಉಳಿದಿಲ್ಲ.

ಅಂದಿನಿಂದ ಬೆಂಕಿ ಕಾಯುವವನ ನಿದ್ದೆಯೇ ಈ ಕಸುಬಿನ ದೊಡ್ಡ ಸಮಸ್ಯೆ. ನಿದ್ದೆ ಮಾಡದ ಕಾವಲುಗಾರನನ್ನು ಜನ ಅದಕ್ಕೂ ಬಹಳ ಮೊದಲೇ ಹುಡುಕತೊಡಗಿದ್ದರು. ಹದಿನೇಳನೆಯ ಶತಮಾನದ ಆದಿಯಲ್ಲಿ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ಚರವನು ಕೋಳಿಮೊಟ್ಟೆ ಮರಿಮಾಡುವ ಪೆಟ್ಟಿಗೆಯ ಒಲೆಗೆ ಪಾದರಸದ ಕೊಳವೆಯೊಂದನ್ನು ಜೋಡಿಸಿದ್ದ. ಕಾವು ಹೆಚ್ಚಿದರೆ ದ್ರವ ಉಬ್ಬಿ ಗಾಳಿಯ ಬಾಯನ್ನು ಮುಚ್ಚುವುದು, ಬೆಂಕಿ ತಗ್ಗುವುದು. 1830ರಲ್ಲಿ ಆಂಡ್ರ್ಯೂ ಯೂರ್ ಎಂಬ ಸ್ಕಾಟಿಷ್ ರಸಾಯನಶಾಸ್ತ್ರಜ್ಞ ಎರಡು ಲೋಹಗಳ ಪಟ್ಟಿಯನ್ನು ಬೆಸೆದು, ಅದಕ್ಕೆ ಥರ್ಮೋಸ್ಟಾಟ್ ಎಂದು ಹೆಸರಿಟ್ಟ. ಹಿತ್ತಾಳೆ ಕಾವಿಗೆ ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಕಡಿಮೆ. ಎರಡನ್ನೂ ಬೆನ್ನಿಗೆ ಬೆನ್ನು ಕಟ್ಟಿದರೆ, ಬಿಸಿಯಾದಾಗ ಪಟ್ಟಿ ಬಾಗದೆ ವಿಧಿಯಿಲ್ಲ. ಬಾಗುವ ಪಟ್ಟಿಯ ತುದಿಗೆ ಒಂದು ವಿದ್ಯುತ್ ಮೊನೆಯನ್ನಿಟ್ಟರೆ ಅದೇ ಗುಂಡಿಯಾಯಿತು. 1880ರ ದಶಕದಲ್ಲಿ ಅಮೆರಿಕದ ವಾರೆನ್ ಜಾನ್ಸನ್ ಎಂಬ ಅಧ್ಯಾಪಕನೂ, ಆಲ್ಬರ್ಟ್ ಬುಟ್ಜ್ ಎಂಬಾತನೂ ಇದನ್ನು ಮನೆ ಕಾಯಿಸುವ ಒಲೆಗಳಿಗೆ ಹೊಂದಿಸಿದರು. ಜಾನ್ಸನ್ನನಿಗೆ ಮೊದಲು ಬೇಕಾಗಿದ್ದುದು, ತರಗತಿಗಳು ತಣ್ಣಗಾದುವೇ ಎಂದು ಶಾಲೆಯ ಜವಾನ ಗಳಿಗೆಗೊಮ್ಮೆ ಪಾಠದ ನಡುವೆ ಒಳಬರುವುದನ್ನು ತಪ್ಪಿಸುವುದು ಮಾತ್ರ!

ಮೂರು ತಿರುಪುಗಳು

ನಾವು ಮನೆ ಮುಟ್ಟಿದಾಗ ಬ್ಯಾರನ್ನಿನಲ್ಲಿ ಮೂರನೆಯ ರಾತ್ರಿ. ಎಲೆ ಹಳದಿಗೆ ಬಂದಾಗಿತ್ತು. ಎಪ್ಪತ್ತು ದಾಟಿದ ಯಜಮಾನರು ಒಲೆಯ ಮುಂದೆ ಹಗ್ಗದ ಮಂಚದ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಒಲೆಯ ಬಾಯಿಯ ಬಳಿ ಕಮ್ಮಾರನ ತಿದಿಯ ಕೆಲಸ ಮಾಡುವ ಒಂದು ಬ್ಲೋಯರ್. ಬ್ಯಾರನ್ನಿನೊಳಗೆ, ಕೆಳ ಅಂತಸ್ತಿನ ಎಲೆಗಳ ಮಟ್ಟದಲ್ಲಿ, ಬೆರಳುದ್ದದ ತಾಮ್ರದ ಬುರುಡೆಯೊಂದು ತೂಗುತ್ತಿತ್ತು. ಅದರಿಂದ ಕೂದಲಿನಂಥ ಕೊಳವೆಯೊಂದು ಗೋಡೆಯನ್ನು ತೂರಿ ಹೊರಗಿನ ಪೆಟ್ಟಿಗೆಗೆ ಬಂದಿತ್ತು. ಬುರುಡೆಯಲ್ಲಿರುವ ದ್ರವ ಕಾವಿಗೆ ಹಿಗ್ಗಿ ಪೆಟ್ಟಿಗೆಯ ಗುಂಡಿಯನ್ನು ಒತ್ತುತ್ತದೆ. ಕಾವು ಗೊತ್ತುಮಾಡಿದುದಕ್ಕಿಂತ ಇಳಿದರೆ ಬ್ಲೋಯರ್ ತಿರುಗಿ ಬೆಂಕಿಯನ್ನು ಊದಬೇಕು, ಮುಟ್ಟಿದೊಡನೆ ನಿಲ್ಲಬೇಕು. ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕಾಗುವ ಈ ಕೆಲಸದಲ್ಲಿ, ವೃಥಾ ಉರಿಯದಿದ್ದ ಪ್ರತಿಯೊಂದು ಕೊರಡೂ ಉಳಿತಾಯವೇ. ಕಾಡಿನ ಅಂಚಿನ ತಾಲ್ಲೂಕಿನಲ್ಲಿ ಸೌದೆಯ ಮಾತು ಹಣದ ಮಾತು ಮಾತ್ರವಲ್ಲವೆಂಬುದನ್ನೂ ನೆನೆಯಬೇಕು.

ಹಳೆಯ ಥರ್ಮೋಸ್ಟಾಟಿನ ಮೊನೆಗಳು ಸುಟ್ಟು ಅಂಟಿಕೊಂಡಿದ್ದುವು. ಮೋಟಾರು ಹೊರಡುವ ಕ್ಷಣದಲ್ಲಿ ಎಳೆಯುವ ವಿದ್ಯುತ್ತು, ತಿರುಗುವಾಗ ಎಳೆಯುವುದರ ಹಲವು ಪಾಲು. ಆ ಚಿಕ್ಕ ಮೊನೆಗಳು ಅದನ್ನು ನಿತ್ಯವೂ ನೂರಾರು ಬಾರಿ ತಾಳಲಾರವು. ಐ.ಟಿ.ಐ. ಓದಿದ ಮೊಮ್ಮಗ ಅದನ್ನು ಬಿಚ್ಚಿ ನನಗೆ ತೋರಿಸಿದ. ಮೊನೆಯ ತುದಿ ಕರಗಿದ ಮೇಣದಂತೆ ಗಂಟುಗಟ್ಟಿತ್ತು.

ಹೊಸದನ್ನು ಆತ ಅಂದು ಮಧ್ಯಾಹ್ನ ಅಂಗಡಿಯೊಂದರಿಂದ ತಂದಿದ್ದ. ಕೆಲಸ ಮಾಡಿದ ಕ್ರಮವನ್ನು ಮೆಚ್ಚಲೇಬೇಕು. ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ಫ್ಯೂಸನ್ನು ಕಿತ್ತು ತನ್ನ ಜೇಬಿನಲ್ಲಿಟ್ಟುಕೊಂಡ. ಟೆಸ್ಟರನ್ನು ಉರಿಯುತ್ತಿರುವ ಬೇರೊಂದು ದೀಪದ ತಂತಿಗೆ ಮುಟ್ಟಿಸಿ, ಟೆಸ್ಟರೇ ಕೆಟ್ಟಿಲ್ಲವಷ್ಟೆ ಎಂದು ನೋಡಿಕೊಂಡು, ಆಮೇಲೆ ಪೆಟ್ಟಿಗೆಯೊಳಗಿನ ತಂತಿಗಳನ್ನು ಪರೀಕ್ಷಿಸಿದ. ತಾಮ್ರದ ಕೂದಲುಗೊಳವೆ ಮಡಿಸಿಹೋಗದಂತೆ ಅಗಲವಾದ ಸುರುಳಿ ಮಾಡಿದ. ಬುರುಡೆಯನ್ನು ಕೊಳವೆಗಳ ನೇರ ಮೇಲೆ ಕಟ್ಟಲಿಲ್ಲ, ಬಾಗಿಲ ಪಕ್ಕದಲ್ಲಿಯೂ ಕಟ್ಟಲಿಲ್ಲ. ಒಂದು ಕಡೆ ಹೆಚ್ಚು ಕಾವು, ಇನ್ನೊಂದು ಕಡೆ ಕಡಿಮೆ; ಎರಡೂ ಸುಳ್ಳು ಹೇಳಿಸುತ್ತವೆ. ಆದರೆ ಹಳೆಯದಕ್ಕೆ ಎರಡೇ ತಿರುಪುಗಳಿದ್ದುವು. ಹೊಸದಕ್ಕೆ ಮೂರು! ಹುಡುಗ ಒಂದು ಗಳಿಗೆ ತಲೆ ಕೆರೆದುಕೊಂಡು, ಹಳೆಯ ತಂತಿಗಳಿದ್ದ ಜಾಗಕ್ಕೆ ಹೊಂದುವಂಥ ಎರಡನ್ನು ಆರಿಸಿ ಬಿಗಿದ. ಸೂಚಿಯನ್ನು 130ಕ್ಕೆ ತಿರುಗಿಸಿದ.

ಒಳಗೆ ಆಗ 122 ಡಿಗ್ರಿ. ಬ್ಲೋಯರ್ ತಿರುಗಲಿಲ್ಲ. "ಹೊಸದಲ್ವ ತಾತ, ಒಸಿ ಹೊತ್ತು ಬೇಕು" ಎಂದ ಹುಡುಗ. ತಾತ ಮಾತನಾಡಲಿಲ್ಲ. ಎರಡು ಕೊರಡನ್ನು ಒಲೆಗೆ ದೂಡಿ, ಬೂದಿಬಾಗಿಲನ್ನು ಒಂದು ಬೆರಳಷ್ಟು ತೆರೆದರು. ನಾವು ರಾಗಿಮುದ್ದೆ ಬಸ್ಸಾರು ಉಂಡು ಬಂದೆವು. ಮಳೆ ಜೋರಾಯಿತು. ಸುಮಾರು ಹನ್ನೊಂದರ ಹೊತ್ತಿಗೆ, ಎಲ್ಲರೂ ಅರೆನಿದ್ದೆಯಲ್ಲಿರುವಾಗ ಬ್ಲೋಯರ್ ತಾನಾಗಿಯೇ ಮೊರೆಯತೊಡಗಿತು. ಹುಡುಗನಿಗೆ ಸಂತೋಷ. "ನೋಡಿದ್ರಾ ಸಾರ್, ಹಿಡಕತ್ತು!" ಎಂದ. ನನಗೂ ಸಂತೋಷವೇ. ಯಂತ್ರ ತಿರುಗಿದರೆ ಸಾಕು, ಸರಿಯಾಗಿದೆಯೆಂದು ನಂಬುವ ನಗರದವನು ನಾನು.

ಯಜಮಾನರು ಮಾತ್ರ ಎದ್ದು, ಗೋಡೆಯಲ್ಲಿನ ಗಾಜಿನ ಕಿಂಡಿಗೆ ಟಾರ್ಚ್ ಹಿಡಿದು ಒಳಗಿನ ಉಷ್ಣಮಾಪಕವನ್ನು ನೋಡಿದರು. ಒಲೆಯ ಉರಿಯನ್ನು ನೋಡಿದರು. ಮತ್ತೆ ಗಾಜಿಗೆ ಕಣ್ಣಿಟ್ಟರು. ಅವರು ಆಡಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ:

"ಮಗ, ಇದು ಬೀಸಬೇಕಾದಾಗ ಮನಿಕ್ಕಂಡಿತ್ತು. ಮನಿಕ್ಕಬೇಕಾದಾಗ ಬೀಸ್ತಾ ಅದೆ. ಕಿತ್ತಾಕು."

ಕಾವು 136 ದಾಟಿ ಏರುತ್ತಿತ್ತು. ಹುಡುಗ ಫ್ಯೂಸಿಗೆ ಓಡಿದ. ಅಷ್ಟರಲ್ಲಿ ಯಜಮಾನರು ಕಬ್ಬಿಣದ ಕೊಕ್ಕೆಯಿಂದ ಉರಿಯುವ ಕೊರಡುಗಳನ್ನು ಹೊರಗೆಳೆದು, ಬೂದಿಬಾಗಿಲನ್ನು ಮುಚ್ಚಿ, ಸೊಸೆಗೆ ಸೂರಿನ ಕಿಂಡಿಯ ಹಗ್ಗವನ್ನು ಪೂರ್ತಿ ಎಳೆಯಲು ಕೂಗಿದರು. ಆಕೆ ಮಳೆಯಲ್ಲಿಯೇ ಓಡಿ ಬಂದು ಎಳೆದಳು. ಹೊರಗೆಳೆದ ಕೊಳ್ಳಿಗಳು ಒದ್ದೆ ನೆಲದ ಮೇಲೆ ಸುಯ್ಯೆಂದುವು. ಕಾದ ಇಟ್ಟಿಗೆ ಒಂದೇ ಸಲಕ್ಕೆ ತಣಿಯುವುದಿಲ್ಲವಷ್ಟೆ. ಪಾದರಸ 142ರವರೆಗೆ ಹೋಗಿ, ಅಲ್ಲಿ ನಿಂತು, ಇಳಿಯತೊಡಗಿತು. ಆ ಹತ್ತು ಹದಿನೈದು ನಿಮಿಷ ಯಾರೂ ಮಾತನಾಡಲಿಲ್ಲ.

ತಪ್ಪು ಎಲ್ಲಿತ್ತೆಂಬುದನ್ನು ಹುಡುಗ ಅರ್ಧಗಂಟೆಯಲ್ಲಿ ಕಂಡುಹಿಡಿದ. ಮೂರು ತಿರುಪುಗಳಲ್ಲಿ ಒಂದು ಎರಡಕ್ಕೂ ಸಾಮಾನ್ಯವಾದದ್ದು. ಇನ್ನುಳಿದ ಎರಡರಲ್ಲಿ ಒಂದು ತಣ್ಣಗಿರುವಾಗ ಕೂಡಿಕೊಂಡು ಬಿಸಿಯಾದಾಗ ಬಿಡುತ್ತದೆ. ಇದು ಒಲೆಗೆ ತಕ್ಕದ್ದು. ಮತ್ತೊಂದು ಬಿಸಿಯಾದಾಗ ಕೂಡಿಕೊಳ್ಳುತ್ತದೆ. ಇದು ತಂಪುಮಾಡುವ ಯಂತ್ರಗಳಿಗೆ. ಒಂದೇ ಪೆಟ್ಟಿಗೆ ಎರಡಕ್ಕೂ ಒದಗಲೆಂದು ತಯಾರಕರು ಮೂರು ತಿರುಪಿಟ್ಟಿರುತ್ತಾರೆ. ಹುಡುಗ ತಂಪಿನ ತಿರುಪಿಗೆ ತಂತಿ ಕೊಟ್ಟಿದ್ದ. ಆದ್ದರಿಂದ ಕಾವು ಇಳಿದಿದ್ದಾಗ ಬ್ಲೋಯರ್ ಸುಮ್ಮನಿತ್ತು. 130 ದಾಟಿದೊಡನೆ ಊದತೊಡಗಿತು. ಊದಿದಷ್ಟೂ ಕಾವು ಏರಿತು. ಏರಿದಷ್ಟೂ ನಿಲ್ಲಲು ಕಾರಣವಿಲ್ಲವಾಯಿತು. ದೇವರು ಕಾಯ್ದನೆನ್ನಬೇಕು, ಅದು ಐದನೆಯ ರಾತ್ರಿಯಾಗಿರಲಿಲ್ಲ. ಸೊಪ್ಪು ಕಟಕಟನೆ ಒಣಗಿ 160ರಲ್ಲಿರುವಾಗ ಹೀಗಾಗಿದ್ದರೆ, ಈ ಲೇಖನದ ಶೀರ್ಷಿಕೆಯೇ ಬೇರೆಯಾಗುತ್ತಿತ್ತು.

ಈ ಸಾರಿ ಹುಡುಗ ತಂತಿ ಬಿಗಿಯುವ ಮೊದಲೇ ಪರೀಕ್ಷೆ ಮಾಡಿದ. ಬ್ಯಾರನ್ನಿನಿಂದ ಬುರುಡೆಯನ್ನು ಹೊರತೆಗೆದು, ಬಕೆಟ್ಟಿನ ತಣ್ಣೀರಿನಲ್ಲೊಮ್ಮೆ, ಅವ್ವ ಕಾಯಿಸಿ ತಂದ ನೀರಿನಲ್ಲೊಮ್ಮೆ ಅದ್ದಿ, ಮೀಟರಿನಿಂದ ಯಾವ ಎರಡು ತಿರುಪುಗಳು ಯಾವಾಗ ಕೂಡುತ್ತವೆಂದು ನೋಡಿದ. ಎರಡು ಪಾತ್ರೆ ನೀರಿನ ಈ ಪರೀಕ್ಷೆಯನ್ನು ನಿಮ್ಮ ಗೀಸರಿನ ಥರ್ಮೋಸ್ಟಾಟ್ ಬದಲಾಯಿಸುವ ಮೇಸ್ತ್ರಿಯೂ ಮಾಡಬಹುದು, ಆದರೆ ನನ್ನ ಮನೆಗೆ ಬಂದಾತ ಮಾಡಲಿಲ್ಲ. ಮೋಟಾರಿನ ಹೊರೆ ಚಿಕ್ಕ ಮೊನೆಗಳ ಮೇಲೆ ಬೀಳದಂತೆ, ಪಂಪ್‌ಸೆಟ್ಟಿನ ಹಳೆಯ ಪೆಟ್ಟಿಗೆಯಿಂದ ಕಾಂಟ್ಯಾಕ್ಟರೊಂದನ್ನು ಬಿಚ್ಚಿ ತಂದು ನಡುವೆ ಸೇರಿಸಿದ. ಈಗ ಥರ್ಮೋಸ್ಟಾಟ್ ಕಾಂಟ್ಯಾಕ್ಟರಿಗೆ ಅಪ್ಪಣೆ ಕೊಡುತ್ತದೆ. ಮೋಟಾರಿನ ಭಾರ ಹೊರುವುದು ಕಾಂಟ್ಯಾಕ್ಟರ್. ರಾತ್ರಿ ಒಂದೂವರೆಗೆ ಫ್ಯೂಸ್ ಹಾಕಿದಾಗ ಒಳಗೆ 127. ಬ್ಲೋಯರ್ ಒಡನೆಯೇ ತಿರುಗಿತು. 130ಕ್ಕೆ ಟಕ್ಕೆಂದು ನಿಂತಿತು. ಯಜಮಾನರು ಗಾಜಿನ ಕಿಂಡಿಯಲ್ಲಿ ನೋಡಿ, "ಹೂಂ" ಎಂದರು.

ಚಕ್ರದ ಮೇಲಿನ ಮನೆ

ಬೆಳಗಿನ ಜಾವ ಕಾಫಿ ಕುಡಿಯುತ್ತಾ ಹುಡುಗ ಇನ್ನೊಂದು ವಿಷಯ ತೆಗೆದ. ಅಮೆರಿಕದಲ್ಲಿ ಮಲಗುವ ಮಂಚ, ಅಡುಗೆಯೊಲೆ ಎಲ್ಲವನ್ನೂ ಒಳಗೊಂಡ ಮೋಟಾರು ಮನೆಗಳಿವೆಯಲ್ಲ, ಅವುಗಳ ಒಲೆಗೂ ಥರ್ಮೋಸ್ಟಾಟ್ ಉಂಟೆಂದು ಆತ ತಿಳಿದುಕೊಂಡಿದ್ದ. ಅಲ್ಲಿ ಬಹುಮಟ್ಟಿಗೆ ಎಲ್ಲವೂ ಬ್ಯಾಟರಿಯ 12 ವೋಲ್ಟಿನ ಏಕಮುಖ ವಿದ್ಯುತ್ತು. ಹಳೆಯ ಬಗೆಯದಾದರೆ ಎರಡೇ ತಂತಿ. ಥರ್ಮೋಸ್ಟಾಟ್ ಬರಿಯ ಗುಂಡಿ. ಅದು ಕೂಡಿದೊಡನೆ ಮೊದಲು ಬೀಸಣಿಗೆ ತಿರುಗುತ್ತದೆ. ಗಾಳಿ ನಿಜವಾಗಿ ಬೀಸುತ್ತಿದೆಯೆಂದು ನಾವೆಯ ಹಾಯಿಯಂಥ ಒಂದು ತಗಡು ಸರಿದು ಸಾಕ್ಷಿ ಹೇಳಿದ ಮೇಲೆಯೇ ಅನಿಲ ಹೊರಟು ಕಿಡಿ ಹೊತ್ತುತ್ತದೆ. ಕಾವು ಮುಟ್ಟಿ ಬೆಂಕಿ ಆರಿದ ನಂತರವೂ ಉಳಿದ ಬಿಸಿ ಹೊರಹೋಗುವವರೆಗೆ ಬೀಸಣಿಗೆ ನಿಲ್ಲುವುದಿಲ್ಲ. ಅಲ್ಲಿಯೂ ಜನ ಮನೆಯ ಗೋಡೆಗೆ ಹಾಕುವ 24 ವೋಲ್ಟಿನ ಬಗೆಯದನ್ನು ತಂದು ತಿಳಿಯದೆ ಜೋಡಿಸಿ ಪೇಚಾಡುವುದುಂಟು.

"ನಮ್ಮಲ್ಲಿ ಕರೆಂಟು ಹೋದ್ರೆ ಬ್ಲೋಯರೂ ಹೋಯ್ತು, ಇದೂ ಹೋಯ್ತು. ಬ್ಯಾಟರಿ ಮೇಲೆ ಓಡೋದಾದ್ರೆ ತಾತ ಮನಿಕ್ಕಬೋದು" ಎಂದ ಹುಡುಗ. ಮುಂದಿನ ವರ್ಷಕ್ಕೆ ಆತನ ಯೋಜನೆ ಅದು: ಟ್ರ್ಯಾಕ್ಟರಿನ ಬ್ಯಾಟರಿ, 12 ವೋಲ್ಟಿನ ಥರ್ಮೋಸ್ಟಾಟ್, ಅದೇ ವೋಲ್ಟಿನ ಚಿಕ್ಕ ಬ್ಲೋಯರ್, ಮಿತಿ ಮೀರಿದರೆ ಕೂಗುವ ಒಂದು ಗಂಟೆ. ಗಂಟೆಯನ್ನು ಮಾತ್ರ ಬೇರೊಂದು ಥರ್ಮೋಸ್ಟಾಟಿಗೆ ಕಟ್ಟುವನಂತೆ. ತಪ್ಪು ಮಾಡಿದವನೇ ತಪ್ಪನ್ನು ಸಾರುವನೆಂದು ನೆಚ್ಚಿಕೊಳ್ಳಲಾಗದಷ್ಟೆ.

ಇದನ್ನೆಲ್ಲ ಕೇಳುತ್ತಾ ಯಜಮಾನರು ಎಲೆಯಡಿಕೆ ಹಾಕಿಕೊಂಡರು. ಹದಿನಾರನೆಯ ವಯಸ್ಸಿನಿಂದ ಪ್ರತಿ ವರ್ಷವೂ ಮೂರು ತಿಂಗಳು ಒಲೆಯ ಮುಂದೆ ಮಲಗಿದವರು ಅವರು. ಉಷ್ಣಮಾಪಕ ಒಡೆದ ವರ್ಷ ಗೋಡೆಗೆ ಅಂಗೈಯಿಟ್ಟೇ ಎರಡು ಬ್ಯಾರನ್ ಇಳಿಸಿದರೆಂದು ಸೊಸೆ ಹೇಳಿದಳು. "ಅದೆಲ್ಲ ಈಗ ಯಾಕವ್ವ" ಎಂದು ಅವರು ಅತ್ತ ತಿರುಗಿದರು.

ನಾನು ಮೈಸೂರಿಗೆ ಮರಳಿದ ನಾಲ್ಕು ದಿನದ ಮೇಲೆ ಮಿತ್ರರ ಮೂಲಕ ಸುದ್ದಿ ಬಂದಿತು. ಬೆಂಕಿ ಆರಿಸಿ, ರಾತ್ರಿಯೆಲ್ಲ ಬಾಗಿಲು ಕಿಂಡಿ ತೆರೆದಿಟ್ಟು, ಸೊಪ್ಪು ತೇವ ಹೀರಿ ಮೆದುವಾದ ಮೇಲೆ ಬ್ಯಾರನ್ ಇಳಿಸಿದರಂತೆ. ಕೆಳಗಿನ ಅಂತಸ್ತಿನ ಹನ್ನೊಂದು ಕಡ್ಡಿಗಳ ಎಲೆಗಳು ದಂಟಿನ ಬುಡದಲ್ಲಿ ಕಂದಾಗಿದ್ದುವಂತೆ, ಉಳಿದುದೆಲ್ಲ ಹಳದಿ. ಹನ್ನೊಂದು ಕಡ್ಡಿಗಳನ್ನು ಬೇರೆ ಬೇಲಿಗೆ ಹಾಕಿದ್ದಾರೆ. ಮರುದಿನವೇ ಮುಂದಿನ ಸೊಪ್ಪು ಏರಿತು. ಹುಡುಗ ಪೆಟ್ಟಿಗೆಯ ಮುಚ್ಚಳದ ಒಳಗೆ ಯಾವ ತಂತಿ ಯಾವ ತಿರುಪಿಗೆಂದು ಕೆಂಪು ಬಣ್ಣದಲ್ಲಿ ಬರೆದು ಅಂಟಿಸಿದ್ದಾನೆ. ಹಗ್ಗದ ಮಂಚ ಒಲೆಯ ಮುಂದಿನಿಂದ ಮೂರು ಮಾರು ಹಿಂದಕ್ಕೆ, ಜಗಲಿಯ ಮೇಲಕ್ಕೆ ಸರಿದಿದೆ. ಆದರೆ ಅದರ ತಲೆದೆಸೆ ಇನ್ನೂ ಗಾಜಿನ ಕಿಂಡಿಯ ಕಡೆಗೇ ಇದೆಯಂತೆ.